ವರ್ಕ್‌ಶಾಪ್‌ಗೆ ಹೋಗಲೋ, ಥೀಸಿಸ್ ಕೆಲಸ ನೋಡಲೋ?

ಪ್ರಶ್ನೆ: ಸಮಾಜವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಎರಡನೇ ವರ್ಷ. ಸದ್ಯದಲ್ಲೇ ಸಮೀಕ್ಷೆ ಶುರು ಮಾಡಬೇಕು. ವಿಶ್ವವಿದ್ಯಾಲಯದ ಲೈಬ್ರರಿ ಮತ್ತು ಸಂಶೋಧನಾ ವಿಭಾಗದಿಂದ ವಾರವಾರವೂ ತರಬೇತಿಯ ಮೇಲ್ ಬರುತ್ತದೆ: ರೆಫರೆನ್ಸ್ ಸಾಫ್ಟ್‌ವೇರ್, ಸಂಖ್ಯಾಶಾಸ್ತ್ರ, ಡೇಟಾ ನಿರ್ವಹಣೆ, ಪೇಪರ್ ಪ್ರಕಟಣೆ ಹೀಗೆ. ಕೂತು ಕೇಳುವಾಗ ಎಲ್ಲ ಅರ್ಥವಾದ ಹಾಗಿರುತ್ತದೆ, ತಿಂಗಳು ಕಳೆದರೆ ಒಂದೂ ನೆನಪಿರುವುದಿಲ್ಲ. ಗೈಡ್ ಅಂತೂ ‘ಅದೆಲ್ಲ ಟೈಮ್ ವೇಸ್ಟ್’ ಎನ್ನುತ್ತಾರೆ. ಯಾವುದಕ್ಕೆ ಹೋಗಲಿ, ಯಾವುದನ್ನು ಬಿಡಲಿ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಅರ್ಧ ಸರಿ. ಸುಮ್ನೆ ಹೋಗಿ ಕೂತು ಸರ್ಟಿಫಿಕೇಟ್ ತಂದರೆ ಅದು ಟೈಮ್ ವೇಸ್ಟೇ. ನಿಮ್ಮದೇ ಕೆಲಸವನ್ನು ಜೊತೆಗೆ ಒಯ್ದರೆ ಮಾತು ಬೇರೆ.

ನಿಮಗೆ ಈಗ ತುರ್ತಾಗಿ ಬೇಕಿರುವುದು ಸಂಖ್ಯಾಶಾಸ್ತ್ರದ ತರಬೇತಿ. ಹೆಚ್ಚಿನವರು ಡೇಟಾ ಎಲ್ಲ ಸಂಗ್ರಹಿಸಿದ ಮೇಲೆ ಹೋಗುತ್ತಾರೆ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿ ಹೋಗುವುದೆಂದರೆ ಪೋಸ್ಟ್‌ಮಾರ್ಟಮ್ ಮಾಡಿಸಿದ ಹಾಗೆ ಎಂಬರ್ಥದಲ್ಲಿ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ 1938ರಲ್ಲೇ ಹೇಳಿದ್ದರು. ಪ್ರಶ್ನಾವಳಿಯ ಕರಡು ಹಿಡಿದುಕೊಂಡು ಈಗಲೇ ಹೋಗಿ. ಒಂದು ಚಿಕ್ಕ ಉದಾಹರಣೆ ನೋಡಿ. ವಯಸ್ಸನ್ನು ‘18–25, 26–35’ ಎಂದು ಗುಂಪು ಮಾಡಿ ಕೇಳಿಬಿಟ್ಟರೆ, ಆಮೇಲೆ ನಿಖರವಾದ ಸರಾಸರಿ ವಯಸ್ಸು ಬೇಕೆಂದರೂ ಸಿಗುವುದಿಲ್ಲ. ‘ನಿಮ್ಮ ವಯಸ್ಸೆಷ್ಟು?’ ಎಂದು ನೇರವಾಗಿ ಕೇಳಿದ್ದರೆ ಗುಂಪು ಯಾವಾಗ ಬೇಕಾದರೂ ಮಾಡಿಕೊಳ್ಳಬಹುದಿತ್ತು, ಅಲ್ವಾ? ಇಂಥದ್ದನ್ನು ಅನುಭವಸ್ಥರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಎಷ್ಟು ಜನರನ್ನು ಕೇಳಬೇಕು ಎನ್ನುವುದನ್ನೂ ಅಲ್ಲೇ ಕೇಳಿ.

ಡೇಟಾ ನಿರ್ವಹಣೆಯ ತರಬೇತಿಯೂ ಸಮೀಕ್ಷೆಗೆ ಮೊದಲೇ ಆಗಬೇಕು. ಉತ್ತರ ಕೊಟ್ಟವರ ಹೆಸರು, ಫೋನ್ ನಂಬರ್ ಯಾವ ಫೈಲಿನಲ್ಲಿ, ಉತ್ತರಗಳು ಯಾವ ಫೈಲಿನಲ್ಲಿ, ಯಾರು ತೆರೆಯಬಹುದು ಎಂಬುದನ್ನು ಮುಂಚೆಯೇ ತೀರ್ಮಾನಿಸಬೇಕು. ಒಪ್ಪಿಗೆ ಪತ್ರದಲ್ಲಿ ಬರೆಯದೇ ಹೋದರೆ ಮುಂದೆ ಆ ಡೇಟಾವನ್ನು ಬೇರೆಯವರಿಗೆ ಕೊಡುವುದು ಕಷ್ಟ. ಬ್ಯಾಕಪ್‌ಗೆ 3-2-1 ನಿಯಮ ಸಾಕು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ.

ಓದಿದ ಪೇಪರುಗಳ ವಿವರ ಜೋಡಿಸಿಡುವ ರೆಫರೆನ್ಸ್ ಸಾಫ್ಟ್‌ವೇರ್ ಕಲಿಯಲು ನಿಮ್ಮವೇ ಹತ್ತು ಪಿಡಿಎಫ್ ಒಯ್ಯಿರಿ. ಅಂಥ ಸಾಫ್ಟ್‌ವೇರ್‌ಗಳಲ್ಲಿ ಒಂದಾದ ಝೊಟೆರೊಗೆ ಎಳೆದು ಹಾಕಿದಾಗ ಕೆಲವಕ್ಕೆ ಲೇಖಕರ ಹೆಸರು, ವರ್ಷ ತಾನಾಗಿ ಬರುತ್ತದೆ. ಹಳೆಯ ಸ್ಕ್ಯಾನ್ ಪ್ರತಿಗಳಿಗೆ ಬರುವುದು ಕಡಿಮೆ. ಆಗ ಮೇಲಿರುವ ಮಂತ್ರದಂಡದ ಗುರುತು ಒತ್ತಿ ಆ ಪೇಪರಿನ ಡಿಒಐ (ಪ್ರತಿ ಪೇಪರಿಗೂ ಪ್ರತ್ಯೇಕವಾಗಿ ಕೊಡುವ ಡಿಜಿಟಲ್ ಗುರುತು) ಸಂಖ್ಯೆ ಹಾಕಿದರೆ ವಿವರ ಬಂದು ಕೂರುತ್ತದೆ. ಹಳೆಯ ಪೇಪರಿಗೆ ಡಿಒಐ ಇಲ್ಲದಿದ್ದರೆ ಎಷ್ಟೋ ಸಲ ಕೈಯಲ್ಲೇ ಟೈಪ್ ಮಾಡಬೇಕಾಗುತ್ತದೆ. ತರಬೇತುದಾರರ ಸ್ಲೈಡಿನಲ್ಲಿ ಮಾತ್ರ ಇಂಥ ತೊಂದರೆ ಬರುವುದೇ ಇಲ್ಲ!

ಪ್ರಕಟಣೆಯ ಕಾರ್ಯಾಗಾರವನ್ನು ಪೇಪರಿನ ಕರಡು ಸಿದ್ಧವಾಗುವವರೆಗೆ ಮುಂದೂಡಿ. ಅಷ್ಟರಲ್ಲಿ ‘ವಾರದಲ್ಲೇ ಪ್ರಕಟಿಸುತ್ತೇವೆ’ ಎನ್ನುವ ಜರ್ನಲ್‌ಗಳ ಮೇಲ್ ಬಂದರೆ ಲೈಬ್ರರಿಯವರಿಗೆ ತೋರಿಸದೆ ಒಪ್ಪಿಕೊಳ್ಳಬೇಡಿ. ಆರ್ಕಿಡ್ (ORCID) ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಮಾಡಿಸಲು ಒಂದು ಗಂಟೆಯ ಕಾರ್ಯಕ್ರಮವಿದ್ದರೆ ಧಾರಾಳವಾಗಿ ಬಿಡಿ. 16 ಅಂಕೆಯ ಆ ಗುರುತು ಉಚಿತ, ಮನೆಯಲ್ಲೇ ಕೂತು ಕೆಲವೇ ನಿಮಿಷಗಳಲ್ಲಿ ಮಾಡಿಕೊಳ್ಳಬಹುದು.

ಇನ್ನೊಂದು ಮಾತು. ಇಂಥ ಕಡೆ ಸ್ಲೈಡಿಗಿಂತ ಅದನ್ನು ತೋರಿಸುವ ವ್ಯಕ್ತಿಯೇ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ‘ಅರ್ಧ ಗಂಟೆ ಸಮಯ ಕೊಡುತ್ತೀರಾ, ನನ್ನ ಪ್ರಶ್ನಾವಳಿ ತೋರಿಸಬೇಕಿತ್ತು’ ಎಂದು ಕೇಳಿ. ಎಷ್ಟೋ ಲೈಬ್ರರಿಗಳಲ್ಲಿ ಹೀಗೆ ಒಬ್ಬೊಬ್ಬರಿಗೇ ಸಮಯ ಕೊಡುವ ವ್ಯವಸ್ಥೆ ಇರುತ್ತದೆ, ಕೇಳುವವರೇ ಕಡಿಮೆ. ಅವರು ತಿದ್ದಿಕೊಟ್ಟ ಪ್ರಶ್ನಾವಳಿಯನ್ನು ಗೈಡ್ ಮುಂದಿಡಿ. ಮುಂದಿನ ಸಲ ಅನುಮತಿ ಕೇಳುವುದು ಸುಲಭವಾಗುತ್ತದೆ.