ಹಳೆಯ ಪುಸ್ತಕ ಓದಿ ಇವತ್ತು ಇಂಟ್ರಾಡೇ ಟ್ರೇಡಿಂಗ್ (ಷೇರನ್ನು ಅದೇ ದಿನ ಕೊಂಡು ಮಾರುವುದು) ಕಲಿಯಬಹುದೇ?
ಬೆಲೆಯ ನಡೆ ಓದುವುದನ್ನು ಕಲಿಯಬಹುದು. ಎಂಟ್ರಿ ನಿಯಮಗಳನ್ನು (ಯಾವಾಗ ಕೊಳ್ಳಬೇಕು ಎಂಬುದನ್ನು) ಹಾಗೇ ಎತ್ತಿಕೊಳ್ಳಬೇಡಿ. ಷೇರು ಚಾರ್ಟ್ ಓದುವ ಬಗ್ಗೆ ಎಡ್ವರ್ಡ್ಸ್ ಮತ್ತು ಮ್ಯಾಗೀ 1948ರಲ್ಲಿ ಬರೆದ ಪುಸ್ತಕ ವಿವರಿಸುವ ರೆಸಿಸ್ಟೆನ್ಸ್ (ಬೆಲೆ ಏರಲು ತಡೆಯಾಗುವ ಮಟ್ಟ) ಇಂದಿಗೂ ಕೆಲಸ ಮಾಡುತ್ತದೆ. ಕಾರಣ ಸರಳ: 240ಕ್ಕೆ ಕೊಂಡು ನಷ್ಟದಲ್ಲಿ ಸಿಕ್ಕಿಕೊಂಡವರು, ಬೆಲೆ ಮತ್ತೆ 240 ಮುಟ್ಟಿದಾಗ ‘ಅಸಲು ಬಂದರೆ ಸಾಕಪ್ಪಾ’ ಎಂದು ಮಾರುತ್ತಾರೆ.

ಆದರೆ 5 ನಿಮಿಷದ ಚಾರ್ಟ್‌ನಲ್ಲಿ ಸುಳ್ಳು ಬ್ರೇಕ್‌ಔಟ್ (ಬೆಲೆ ಈ ಮಟ್ಟ ದಾಟಿದಂತೆ ಕಂಡು ಮತ್ತೆ ಕೆಳಗಿಳಿಯುವುದು) ಜಾಸ್ತಿ. ಬ್ರೋಕರೇಜ್, ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಖರ್ಚು ಬೇರೆ. ಬೆಲೆ ರೆಸಿಸ್ಟೆನ್ಸ್ ಗೆರೆ ದಾಟಿದ ಕೂಡಲೇ ನುಗ್ಗದೆ, ಕ್ಯಾಂಡಲ್ (ಚಾರ್ಟ್‌ನಲ್ಲಿ ಆ 5 ನಿಮಿಷದ ಬೆಲೆ ತೋರಿಸುವ ಕಂಬ) ಗೆರೆಯ ಮೇಲೆ ಕ್ಲೋಸ್ ಆಗುವವರೆಗೆ ಕಾಯಿರಿ. ಸ್ಟಾಪ್‌ಲಾಸ್ (ನಷ್ಟಕ್ಕೆ ಮಿತಿ ಹಾಕಲು ಮಾರಿ ಹೊರಬರುವ ಬೆಲೆ) ಆ ಕ್ಯಾಂಡಲ್‌ನ ಕೆಳತುದಿಯ ಕೆಳಗಿರಲಿ. ಒಂದು ಟ್ರೇಡಿಗೆ 500 ರೂಪಾಯಿ ನಷ್ಟ ತಾಳಬಲ್ಲಿರಿ, ಸ್ಟಾಪ್ ಕೊಂಡ ಬೆಲೆಯಿಂದ 4 ರೂಪಾಯಿ ದೂರ ಎಂದಾದರೆ 125 ಷೇರು, ಅಷ್ಟೇ. ಬಹುತೇಕರು ಮೊದಲು ಷೇರು ಕೊಂಡು ಆಮೇಲೆ ಸ್ಟಾಪ್ ಹುಡುಕುತ್ತಾರೆ.