ಯಾವ ಜೀನ್ ಯಾವಾಗ ಬೇಕು ಅಂತ ಬ್ಯಾಕ್ಟೀರಿಯಾಕ್ಕೆ ಹೇಗೆ ಗೊತ್ತಾಗುತ್ತದೆ?

ಮೆದುಳೇ ಇಲ್ಲದ ಬ್ಯಾಕ್ಟೀರಿಯಾ ಇದನ್ನು ಹೇಗೆ ತೀರ್ಮಾನಿಸುತ್ತದೆ ಎಂದು ಕೇಳಿದ್ದೀರಿ. ತೀರ್ಮಾನ ಗೀರ್ಮಾನ ಏನೂ ಇಲ್ಲ. ಅಂಟಿಕೊಳ್ಳುವುದು, ಬಿಡುವುದು, ಅಷ್ಟೇ.

ನಾನು ಶಿರಸಿ ಕಡೆಯವನು, ತೋಟದಿಂದಲೇ ಶುರು ಮಾಡುತ್ತೇನೆ. ನಮ್ಮ ಕೊನೆಗೌಡ, ಅಂದರೆ ಅಡಿಕೆ ಕೊನೆ ಇಳಿಸುವವನು, ಕಂಡ ಕಂಡ ಅಡಿಕೆ ಮರ ಹತ್ತುವುದಿಲ್ಲ. ಬುಡದಲ್ಲಿ ನಿಂತು, ಮೇಲೆ ನೋಡಿ, ಕೊನೆ ಬಲಿತಿದ್ದರೆ ಮಾತ್ರ ಹತ್ತುತ್ತಾನೆ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಸುಮಾರು 4,300 ಜೀನ್‌ಗಳಿವೆ. ಅವನ್ನು ಓದಿ ಆರ್‌ಎನ್‌ಎ ಎಂಬ ನಕಲು ಮಾಡುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ. ಅದಕ್ಕೆ ಹತ್ತುವ ಕಸುವಿದೆ, ಕಣ್ಣಿಲ್ಲ. ಕಣ್ಣಾಗಿ ಬರುವುದು ಸಿಗ್ಮಾ ಎಂಬ ಪ್ರೋಟೀನ್. ಓದು ಶುರುವಾಗುವ ಜಾಗದಿಂದ ಸುಮಾರು 10 ಮತ್ತು 35 ಡಿಎನ್‌ಎ ಅಕ್ಷರ ಹಿಂದಿರುವ ಎರಡು ಗುರುತುಗಳನ್ನು ಅದು ಹಿಡಿಯುತ್ತದೆ. ಇ. ಕೋಲಿಗೆ 7 ಬಗೆಯ ಸಿಗ್ಮಾಗಳಿವೆ. ಬಿಸಿ ಜಾಸ್ತಿಯಾದರೆ ಸಿಗ್ಮಾ-32 ಹೆಚ್ಚುತ್ತದೆ, ಪಾಲಿಮರೇಸ್ ಬೇರೆ ಜೀನ್‌ಗಳ ಕಡೆ ತಿರುಗುತ್ತದೆ.

ನನಗೆ ಇಷ್ಟವಾದದ್ದು ಲ್ಯಾಕ್ ಒಪೆರಾನ್. ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಬಳಸಲು ಬೇಕಾದ ಜೀನ್‌ಗಳ ಸಾಲು ಅದು. 1961ರಲ್ಲಿ ಫ್ರಾನ್ಸಿನ ಜಾಕೋಬ್ ಮತ್ತು ಮೊನೊ ಅದರ ಗುಟ್ಟು ಬಿಡಿಸಿದರು. ಲ್ಯಾಕ್ಟೋಸ್ ಇಲ್ಲದಾಗ ರಿಪ್ರೆಸರ್ ಎಂಬ ಪ್ರೋಟೀನ್ ಡಿಎನ್‌ಎ ಮೇಲೆ ಅಡ್ಡ ಕೂತಿರುತ್ತದೆ. ಲ್ಯಾಕ್ಟೋಸ್ ಬಂದರೆ ಸ್ವಲ್ಪ ಭಾಗ ಅಲೋಲ್ಯಾಕ್ಟೋಸ್ ಆಗಿ ರಿಪ್ರೆಸರ್‌ಗೆ ಅಂಟುತ್ತದೆ, ಅದರ ಹಿಡಿತ ಸಡಿಲವಾಗುತ್ತದೆ. ತಮಾಷೆ ಏನೆಂದರೆ, ಅಲೋಲ್ಯಾಕ್ಟೋಸ್ ಮಾಡುವುದೂ ಅದೇ ಒಪೆರಾನಿನ ಕಿಣ್ವ! ಅಂದರೆ ಬೀಗ ಹಾಕಿದ್ದರೂ ಒಂದಿಷ್ಟು ಸೋರುತ್ತಲೇ ಇರುತ್ತದೆ.

ಅಡ್ಡ ತೆಗೆದರೆ ಸಾಲದು. ಸಿಗ್ಮಾ ಹಿಡಿಯುವ ಗುರುತು ಇಲ್ಲಿ ಅಷ್ಟು ಗಟ್ಟಿಯಲ್ಲ, ಪಾಲಿಮರೇಸ್ ಸರಿಯಾಗಿ ಅಂಟಿ ಕೂರುವುದಿಲ್ಲ. ಗ್ಲೂಕೋಸ್ ಮುಗಿದಾಗ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಏರುತ್ತದೆ. ಅದನ್ನು ಹಿಡಿದ ಕ್ಯಾಪ್ ಪ್ರೋಟೀನ್ ಪಕ್ಕದಲ್ಲಿ ಕೂತು ಪಾಲಿಮರೇಸಿಗೆ ಆಸರೆ ಕೊಡುತ್ತದೆ. ಗ್ಲೂಕೋಸ್ ಇರುವವರೆಗೆ ಲ್ಯಾಕ್ಟೋಸ್ ಒಳಬರುವ ಬಾಗಿಲಿಗೂ ತಡೆ. ಎದುರಿಗೆ ಜೋನಿ ಬೆಲ್ಲ ಇರುವಾಗ ಸುಮ್ನೆ ಕಬ್ಬು ಯಾರು ಸಿಗಿಯುತ್ತಾರೆ, ಅಲ್ವಾ?

ಎಂಎಸ್ಸಿಯಲ್ಲಿ ಇದನ್ನು ಕಣ್ಣಾರೆ ಕಂಡೆ, ತಪ್ಪು ಮಾಡಿ. ಅಲೋಲ್ಯಾಕ್ಟೋಸ್ ಮಾಡುವ ಆ ಕಿಣ್ವ ಇದ್ದರೆ, ಎಕ್ಸ್-ಗ್ಯಾಲ್ ಎಂಬ ವಸ್ತು ಹಾಕಿದ ಅಗಾರ್ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾದ ಕಾಲೊನಿ ನೀಲಿಯಾಗುತ್ತದೆ. ರಿಪ್ರೆಸರ್ ಬಿಡಿಸುವ ಐಪಿಟಿಜಿಯನ್ನೂ ಹಾಕಿದ್ದೆ. ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟು ಬೆಳಿಗ್ಗೆ ತೆಗೆದರೆ, ಪಕ್ಕದವಳ ಪ್ಲೇಟಿನಲ್ಲಿ ಶಂಖಪುಷ್ಪದ ನೀಲಿ. ನನ್ನದರಲ್ಲಿ ಒಗೆದೊಗೆದು ಮಾಸಿದ ಲುಂಗಿಯ ನೀಲಿ. ಐಪಿಟಿಜಿ ಕೆಟ್ಟಿದೆ ಎಂದು ಹೊಸದು ತಂದು ಮತ್ತೆ ಮಾಡಿದೆ. ಮತ್ತೆ ಅದೇ ಲುಂಗಿ. ಮೂರನೇ ದಿನ ಅಗಾರ್ ಬಾಟಲಿ ತಿರುಗಿಸಿ ನೋಡಿದರೆ, ನನ್ನದೇ ಕೈಬರಹದಲ್ಲಿ ಬರೆದಿತ್ತು: ಗ್ಲೂಕೋಸ್ ಸೇರಿಸಿದೆ.