ಸಿಎ ಇಂಟರ್: ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಗಂಟೆ ಲೆಕ್ಕ ಹಾಕಿ

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ: ಸಿಎ (ಚಾರ್ಟರ್ಡ್ ಅಕೌಂಟೆಂಟ್) ಓದಿನ ಎರಡನೇ ಹಂತವಾದ ಇಂಟರ್‌ಗೆ ಯಾವ ಕ್ಲಾಸು, ಯಾವ ಪುಸ್ತಕ ಅಂತ ಕೇಳಿದ್ದೀರಿ. ಬಿಕಾಂ ಮುಗಿದಿದೆ, ಡೈರೆಕ್ಟ್ ಎಂಟ್ರಿಯಲ್ಲಿ (ಪದವಿಯ ಆಧಾರದ ಮೇಲೆ ನೇರವಾಗಿ) ಇಂಟರ್‌ಗೆ ನೋಂದಣಿ ಆಗಿದೆ, ಸೆಪ್ಟೆಂಬರ್‌ನಲ್ಲಿ ಎರಡೂ ಗ್ರೂಪ್ (ತಲಾ ಮೂರು ಪೇಪರು) ಬರೆಯಬೇಕು ಅಂತಿದ್ದೀರಿ. ಮನೆ ಕೆಂಗೇರಿ, ನೋಡಿರುವ ಕ್ಲಾಸು ಜಯನಗರದಲ್ಲಿ, ಹೋಗಿಬರಲು ಎರಡೂವರೆ ಗಂಟೆ. ಇಲ್ಲವೇ ರೆಕಾರ್ಡೆಡ್ ಕ್ಲಾಸು ಕೊಳ್ಳಬೇಕು. ಅಕ್ಕನ 2022ರ ಪುಸ್ತಕಗಳು ಮನೆಯಲ್ಲಿವೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮೇಲಿನ ಉತ್ತರಗಳಲ್ಲಿ ಎಲ್ಲರೂ ಒಬ್ಬೊಬ್ಬ ಮೇಷ್ಟರ ಹೆಸರು ಹೇಳಿದ್ದಾರೆ. ಅವರೆಲ್ಲ ಚೆನ್ನಾಗಿಯೇ ಪಾಠ ಮಾಡಬಹುದು. ಆದರೆ ಇಂಟರ್‌ನಲ್ಲಿ ಹುಡುಗರು ಕೈಸೋಲುವುದು ಹೆಚ್ಚಾಗಿ ಮೇಷ್ಟರಿಂದಲ್ಲ. ಪಾಠ ಕೇಳಿ ಮುಗಿಸುವ ಹೊತ್ತಿಗೆ ಸ್ವಂತ ಕೈಯಲ್ಲಿ ಬರೆದು ಅಭ್ಯಾಸ ಮಾಡಲು ದಿನಗಳೇ ಉಳಿದಿರುವುದಿಲ್ಲ. ಹಾಗಾಗಿ ಗಂಟೆಯ ಲೆಕ್ಕದಿಂದ ಶುರು ಮಾಡೋಣ.

ಪ್ರತಿ ಬ್ಯಾಚಿನ ವಿವರದಲ್ಲೂ ಒಟ್ಟು ಗಂಟೆ ಬರೆದಿರುತ್ತಾರೆ. ಆರೂ ಪೇಪರಿನದ್ದನ್ನು ಕೂಡಿಸಿ. 650 ಬಂತು ಅಂದುಕೊಳ್ಳಿ. ದಿನಕ್ಕೆ 4 ಗಂಟೆ, ವಾರಕ್ಕೆ 6 ದಿನ ಅಂದರೆ ವಾರಕ್ಕೆ 24 ಗಂಟೆ, 27 ವಾರ ಬೇಕು. ನಿಮ್ಮ ಕೈಯಲ್ಲಿರುವ ಎಂಟು ತಿಂಗಳು ಅಂದರೆ ಸುಮಾರು 35 ವಾರ. ಉಳಿಯುವ ಎಂಟು ವಾರದಲ್ಲಿ ಆರು ಪೇಪರಿನ ರಿವಿಷನ್, ಮಾಕ್ ಟೆಸ್ಟ್, ಎಲ್ಲವೂ ಆಗಬೇಕು. ಇದರ ಮೇಲೆ ನೀವು ಹೇಳಿದ ಓಡಾಟ: ದಿನಕ್ಕೆ ಎರಡೂವರೆಯಂತೆ ವಾರಕ್ಕೆ 15 ಗಂಟೆ, 27 ವಾರಕ್ಕೆ 405 ಗಂಟೆ. ಅಷ್ಟರಲ್ಲಿ ಒಂದು ಗ್ರೂಪಿನ ಲೆಕ್ಕಗಳನ್ನು ಎರಡು ಸಲ ಬಿಡಿಸಬಹುದು. ಮೆಟ್ರೊದಲ್ಲಿ ಓದುತ್ತೇನೆ ಅನ್ನಬೇಡಿ. ಬೆಳಗಿನ ನೇರಳೆ ಮಾರ್ಗದಲ್ಲಿ ನಿಲ್ಲಲು ಜಾಗ ಸಿಕ್ಕರೆ ಹೆಚ್ಚು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸುವಾಗ ಓದಿದ್ದೂ ಮರೆತುಹೋಗುತ್ತದೆ.

ಅದೇ 650 ಗಂಟೆಯನ್ನು ರೆಕಾರ್ಡಿಂಗ್‌ನಲ್ಲಿ ಒಂದೂವರೆ ಪಟ್ಟು ವೇಗಕ್ಕೆ ಹಾಕಿದರೆ 433 ಗಂಟೆ, ಅಂದರೆ 18 ವಾರ. ನೇರ ಕ್ಲಾಸಿಗಿಂತ ಒಂಬತ್ತು ವಾರ ಉಳಿತಾಯ. ಆದರೆ ರೆಕಾರ್ಡಿಂಗ್‌ಗೆ ಅದರದ್ದೇ ಕಾಯಿಲೆ ಇದೆ: ನಾಳೆ ನೋಡೋಣ ಅಂತ ಬಿಟ್ಟದ್ದು ರಾಶಿ ಬೀಳುತ್ತದೆ, ಆ ರಾಶಿ ಮುಗಿಸಲು ವೇಗವನ್ನು ಎರಡು ಪಟ್ಟು ಮಾಡುತ್ತಾರೆ, ಪೆನ್ನು ಕೆಳಗಿಟ್ಟು ಸಿನಿಮಾ ನೋಡಿದ ಹಾಗೆ ನೋಡುತ್ತಾರೆ. ನಿನ್ನೆಯ ಪಾಠದ ಲೆಕ್ಕಗಳನ್ನು ಪುಸ್ತಕ ಮುಚ್ಚಿ ಬಿಡಿಸುವವರೆಗೆ ಇವತ್ತಿನ ವಿಡಿಯೊ ತೆಗೆಯಬಾರದು. ಇದನ್ನು ಪಾಲಿಸಲು ಆಗುವುದಿಲ್ಲ, ಯಾರಾದರೂ ಎದುರಿಗೆ ನಿಂತು ಓದಿಸಲೇಬೇಕು ಅನ್ನುವವರಾದರೆ ಓಡಾಟದ ಖರ್ಚು ಹೊತ್ತಾದರೂ ನೇರ ಕ್ಲಾಸಿಗೇ ಹೋಗಿ. ನಿಮ್ಮ ಸ್ಥಿತಿಗೆ ನನ್ನ ಸಲಹೆ ಇಷ್ಟು: ಅಡ್ವಾನ್ಸ್ಡ್ ಅಕೌಂಟಿಂಗ್‌ಗೆ ಮಾತ್ರ ನೇರ ಕ್ಲಾಸು, ಅದೂ ವಾರಾಂತ್ಯದ ಬ್ಯಾಚು ಸಿಕ್ಕರೆ. ಕಾಸ್ಟಿಂಗ್ (ವೆಚ್ಚದ ಲೆಕ್ಕ) ಮತ್ತು ಟ್ಯಾಕ್ಸ್ ರೆಕಾರ್ಡೆಡ್. ಉಳಿದದ್ದಕ್ಕೆ ಪೂರ್ತಿ ಕ್ಲಾಸು ಬೇಡ. ಎಫ್‌ಎಂ (ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್) ಸೂತ್ರಗಳ ಲೆಕ್ಕ, ಕಾಸ್ಟಿಂಗ್ ಕೈಗೆ ಹತ್ತಿದ ಮೇಲೆ ಮಾಡ್ಯೂಲ್ (ಪರೀಕ್ಷೆ ನಡೆಸುವ ಸಿಎ ಇನ್‌ಸ್ಟಿಟ್ಯೂಟಿನ ಪಠ್ಯಪುಸ್ತಕ) ನೋಡಿಯೇ ಹೋಗಬಹುದು. ಸ್ಟ್ರಾಟಜಿಕ್ ಮ್ಯಾನೇಜ್‌ಮೆಂಟ್‌ಗೆ ದುಡ್ಡು ಕೊಡಲೇಬೇಡಿ. ಲಾ ಮತ್ತು ಆಡಿಟ್‌ಗೆ ಇನ್‌ಸ್ಟಿಟ್ಯೂಟಿನ ಬೋರ್ಡ್ ಆಫ್ ಸ್ಟಡೀಸ್ ನಡೆಸುವ ಉಚಿತ ಲೈವ್ ಕ್ಲಾಸುಗಳಿವೆ, ಮೊದಲು ಅವನ್ನು ಕೇಳಿ ನೋಡಿ.

ಮೇಷ್ಟರನ್ನು ಆರಿಸುವಾಗ ಡೆಮೊ ವಿಡಿಯೊದ ಮೊದಲ ಹತ್ತು ನಿಮಿಷ ನಂಬಬೇಡಿ, ಅಲ್ಲಿ ಎಲ್ಲರೂ ಉತ್ಸಾಹ ತುಂಬುತ್ತಾರೆ. ಒಂದೇ ಅಧ್ಯಾಯದ ಒಂದೇ ಲೆಕ್ಕವನ್ನು ಇಬ್ಬರು ಮೂವರಲ್ಲಿ ಕೇಳಿ. ಕಾಸ್ಟಿಂಗ್‌ಗೆ ಪ್ರೊಸೆಸ್ ಕಾಸ್ಟಿಂಗ್‌ನ ಈಕ್ವಿವಲೆಂಟ್ ಯೂನಿಟ್ (ಅರೆಬರೆ ಆದ ಕೆಲಸವನ್ನು ಪೂರ್ತಿ ಮುಗಿದ ಯೂನಿಟ್ಟಿನ ಲೆಕ್ಕಕ್ಕೆ ತರುವುದು) ಒಳ್ಳೆಯ ಒರೆಗಲ್ಲು. ಆರಂಭದ ಅರೆಸಿದ್ಧ ಸರಕು 200 ಯೂನಿಟ್, 40% ಕೆಲಸ ಆಗಿದೆ. ಹೊಸದಾಗಿ ಒಳಗೆ ಹೋದದ್ದು 1,000. ಕೊನೆಗೆ ಉಳಿದ ಅರೆಸಿದ್ಧ 300, 50% ಕೆಲಸ ಆಗಿದೆ. ಹೊರಬಂದದ್ದು 900. ಫೈಫೊ (ಮೊದಲು ಬಂದದ್ದು ಮೊದಲು ಹೊರಗೆ) ಪ್ರಕಾರ ಹಳೆಯ 200ಕ್ಕೆ ಉಳಿದ 60% ಅಂದರೆ 120, ಈ ಅವಧಿಯಲ್ಲೇ ಶುರುವಾಗಿ ಮುಗಿದ 700, ಕೊನೆಯ 300ರ ಅರ್ಧ 150, ಒಟ್ಟು 970. ಸರಾಸರಿ ವಿಧಾನದಲ್ಲಿ 900ಕ್ಕೆ 150 ಕೂಡಿ 1,050. ಈಗ ಗಮನಿಸಿ: ಎರಡರ ನಡುವಿನ 80 ಎಲ್ಲಿಂದ ಬಂತು? ಅದು ಹಳೆಯ 200ರ 40%, ಹಿಂದಿನ ಅವಧಿಯಲ್ಲೇ ಆಗಿಹೋದ ಕೆಲಸ. ಫೈಫೊ ಅದನ್ನು ಹೊರಗಿಡುತ್ತದೆ, ಸರಾಸರಿ ಒಳಗೆ ಸೇರಿಸುತ್ತದೆ. ಆದ್ದರಿಂದಲೇ ಹಿಂದಿನ ಅವಧಿಯ ವೆಚ್ಚವನ್ನು ಸರಾಸರಿಯಲ್ಲಿ ಈ ಅವಧಿಯ ವೆಚ್ಚಕ್ಕೆ ಕೂಡಿಸಬೇಕು, ಫೈಫೊದಲ್ಲಿ ದರ ತೆಗೆಯುವಾಗ ಕೂಡಿಸಬಾರದು. ಆ 80ರ ಕಾರಣ ಹೇಳಿ ಮುಂದೆ ಹೋಗುವವರು ಪಾಠ ಮಾಡುತ್ತಿದ್ದಾರೆ. ಕಾಲಮ್ಮು ಎಳೆದು ಫಾರ್ಮ್ಯಾಟ್ ತುಂಬಿಸುವವರು ಬರೀ ಅಚ್ಚು ಕೊಡುತ್ತಿದ್ದಾರೆ. ಪರೀಕ್ಷೆಯಲ್ಲಿ ನಾರ್ಮಲ್ ಲಾಸ್ (ಕೆಲಸದಲ್ಲಿ ಸಹಜವಾಗಿ ಆಗುವ ನಷ್ಟ) ಒಂದು ಸೇರಿದರೆ ಆ ಅಚ್ಚು ಕೈಕೊಡುತ್ತದೆ.

ಡೆಮೊ ಮುಗಿದ ಮೇಲೆ ಅದೇ ಅಧ್ಯಾಯದ ಮಾಡ್ಯೂಲಿನ ಒಂದು ಲೆಕ್ಕ ತೆಗೆದು ನೀವೇ ಬಿಡಿಸಿ. ಅರ್ಧದಷ್ಟಾದರೂ ದಾರಿ ಕಂಡರೆ ಆ ಪಾಠ ನಿಮಗೆ ಹೊಂದುತ್ತದೆ.

ಭಾಷೆಯದ್ದೂ ಕೇಳಿಕೊಳ್ಳಿ. ರೆಕಾರ್ಡೆಡ್ ಬ್ಯಾಚುಗಳಲ್ಲಿ ಬಹುಪಾಲು ಹಿಂದಿ ಬೆರೆತವು. ಮೇಲೆ 'ಇಂಗ್ಲಿಷ್' ಅಂತಿದ್ದರೂ ಉದಾಹರಣೆ, ವಿವರಣೆ ಎಲ್ಲ ಹಿಂದಿಯಲ್ಲಿ ಹೋಗುವವೂ ಇವೆ, ಕಾರಣ ಹೇಳುವ ಮಾತೇ ತಪ್ಪಿಹೋದರೆ ಏನು ಉಪಯೋಗ. ಪೂರ್ತಿ ಇಂಗ್ಲಿಷ್ ಬ್ಯಾಚೇ ಬೇಕು ಅಂತ ಸ್ಪಷ್ಟವಾಗಿ ಹೇಳಿ, ನಡುವಿನ ಒಂದು ಪಾಠ ತೋರಿಸಲು ಕೇಳಿ.

ರೆಕಾರ್ಡಿಂಗ್ ಕೊಳ್ಳುವಾಗ ಷರತ್ತುಗಳನ್ನು ಬರಹದಲ್ಲಿ ಪಡೆಯಿರಿ, ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ಒಂದು ಪಾಠವನ್ನು ಎಷ್ಟು ಸಲ ನೋಡಬಹುದು? ಒಂದೂವರೆ ಸಲ ಅಂದರೆ ರಿವಿಷನ್‌ಗೆ ಅರ್ಧವಷ್ಟೇ ಉಳಿಯುತ್ತದೆ. ಬೇಗ ಓಡಿಸಿದಾಗ ನೋಡಿದ ಸಮಯವನ್ನು ಪೂರ್ತಿ ಗಂಟೆಯಾಗಿ ಕಳೆಯುತ್ತಾರೋ, ಗಡಿಯಾರದ ಪ್ರಕಾರವೋ? ಅವಧಿ ಯಾವ ದಿನದಿಂದ ಶುರು, ದುಡ್ಡು ಕಟ್ಟಿದಂದಿನಿಂದಲೋ ಮೊದಲ ಪಾಠ ತೆರೆದಂದಿನಿಂದಲೋ? ಪಾಸಾಗದಿದ್ದರೆ ಜನವರಿ ಅಟೆಂಪ್ಟ್‌ವರೆಗೆ ಮುಂದುವರಿಸಲು ಎಷ್ಟು ಕೊಡಬೇಕು? ಲ್ಯಾಪ್‌ಟಾಪ್ ಕೆಟ್ಟರೆ ಬೇರೆ ಯಂತ್ರಕ್ಕೆ ಬದಲಾಯಿಸಿ ಕೊಡುತ್ತಾರೋ? ಎಷ್ಟೋ ಕಡೆ ಒಂದೇ ಯಂತ್ರಕ್ಕೆ ಕಟ್ಟಿಹಾಕಿರುತ್ತಾರೆ, ವಿಂಡೋಸ್ ಬಿಟ್ಟು ಬೇರೆಯದರಲ್ಲಿ ತೆರೆಯುವುದೂ ಇಲ್ಲ. ತಿದ್ದುಪಡಿ ಪಾಠಗಳು ಇದೇ ದುಡ್ಡಿನಲ್ಲಿ ಸೇರಿವೆಯೋ? ಆರೂ ವಿಷಯದ ಕಾಂಬೊ ಅಗ್ಗ ಅನ್ನಿಸಿದರೂ ಒಂದು ವಿಷಯ ಕೊಂಡು ಮೂರು ವಾರ ನೋಡಿ, ಆಮೇಲೆ ಮುಂದಿನದು.

ಇನ್ನು ಪುಸ್ತಕ. ಅಕ್ಕನ 2022ರ ಪುಸ್ತಕಗಳು ಹಳೆಯ ಸ್ಕೀಮಿನವು, ಅಂದರೆ ಹಳೆಯ ಪಠ್ಯಕ್ರಮದವು. ಆಗ ಇಂಟರ್‌ನಲ್ಲಿ ಎಂಟು ಪೇಪರ್, ಈಗ ಆರು. ಹೊಸ ಸ್ಕೀಮಿನ ಪರೀಕ್ಷೆ 2024ರ ಮೇ ತಿಂಗಳಿಂದ ಶುರುವಾಯಿತು. ಎಂಟರ್‌ಪ್ರೈಸ್ ಇನ್‌ಫರ್ಮೇಷನ್ ಸಿಸ್ಟಮ್ಸ್ ಅನ್ನುವ ಹೆಸರು ಯಾವ ಪುಸ್ತಕದ ಮೇಲಿದ್ದರೂ ಅದು ಹಳೆಯದು. ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕುವಾಗ ಈ ಗುರುತು ಇಟ್ಟುಕೊಳ್ಳಿ. ಕಾಸ್ಟಿಂಗ್, ಎಫ್‌ಎಂ ಲೆಕ್ಕಗಳಿಗೆ ಹೊಸ ಸ್ಕೀಮಿನ ಹಳೆಯ ಮುದ್ರಣ ನಡೆಯುತ್ತದೆ. ಟ್ಯಾಕ್ಸ್, ಲಾ ಮಾತ್ರ ಒಂದು ರೂಪಾಯಿಗೆ ಕೊಟ್ಟರೂ ಬೇಡ. ಕಾರಣ ನೋಡಿ: ಕಾನೂನು 'ಸ್ಮಾಲ್ ಕಂಪನಿ' ಅಂತ ಎಣಿಸುವ ಮಿತಿ 2022ರ ಸೆಪ್ಟೆಂಬರ್‌ನಲ್ಲಿ ಬಂಡವಾಳ 4 ಕೋಟಿ, ವಹಿವಾಟು 40 ಕೋಟಿಗೆ ಏರಿತು, 2025ರ ಡಿಸೆಂಬರ್‌ನಲ್ಲಿ 10 ಕೋಟಿ, 100 ಕೋಟಿ ಆಯಿತು. ಜಿಎಸ್‌ಟಿ ದರಗಳು 2025ರ ಸೆಪ್ಟೆಂಬರ್ 22ರಿಂದ ಬದಲಾದವು. ಎಲ್ಲಕ್ಕಿಂತ ದೊಡ್ಡದು, 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ, ಸೆಕ್ಷನ್ ಸಂಖ್ಯೆಗಳೇ ಬೇರೆ, ಅಸೆಸ್‌ಮೆಂಟ್ ಇಯರ್ ಹೋಗಿ ಟ್ಯಾಕ್ಸ್ ಇಯರ್ ಆಗಿದೆ. ನಿಮ್ಮ ಅಟೆಂಪ್ಟ್‌ಗೆ ಯಾವ ಕಾಯ್ದೆ, ಯಾವ ದಿನದವರೆಗಿನ ತಿದ್ದುಪಡಿ ಅನ್ವಯ ಅನ್ನುವುದನ್ನು ಇನ್‌ಸ್ಟಿಟ್ಯೂಟು ಪ್ರಕಟಿಸುತ್ತದೆ. ಆ ಪ್ರಕಟಣೆಯನ್ನು ಪ್ರಿಂಟ್ ತೆಗೆದು ಕೈಯಲ್ಲಿಟ್ಟುಕೊಂಡೇ ಟ್ಯಾಕ್ಸ್ ಪುಸ್ತಕವನ್ನೂ ಕ್ಲಾಸನ್ನೂ ಕೊಳ್ಳಿ.

ಮುಖ್ಯ ಪುಸ್ತಕ ಇನ್‌ಸ್ಟಿಟ್ಯೂಟಿನ ಸ್ಟಡಿ ಮೆಟೀರಿಯಲ್ಲೇ. ಅದರ ಇಲಸ್ಟ್ರೇಷನ್‌ಗಳು ಮತ್ತು ಅಧ್ಯಾಯದ ಕೊನೆಯ 'ಟೆಸ್ಟ್ ಯುವರ್ ನಾಲೆಜ್' ಲೆಕ್ಕಗಳನ್ನು ಒಂದೂ ಬಿಡದೆ ಮಾಡಬೇಕು. ಆಮೇಲೆ ಆರ್‌ಟಿಪಿ (ರಿವಿಷನ್ ಟೆಸ್ಟ್ ಪೇಪರ್), ಎಂಟಿಪಿ (ಮಾಕ್ ಟೆಸ್ಟ್ ಪೇಪರ್), ಹಿಂದಿನ ಪ್ರಶ್ನೆಪತ್ರಿಕೆಗಳ ಸಜೆಸ್ಟೆಡ್ ಆನ್ಸರ್ಸ್. ಎಲ್ಲವೂ ಬೋರ್ಡ್ ಆಫ್ ಸ್ಟಡೀಸ್ ಪುಟದಲ್ಲಿ ಪುಕ್ಕಟೆ. ಮೇಷ್ಟರ ನೋಟ್ಸ್ ಜೊತೆಗಿರಲಿ, ಮೂರನೇ ಪುಸ್ತಕ ಬೇಡ. ಲೆಕ್ಕ ಬಿಡಿಸುವಾಗ ಪಕ್ಕದಲ್ಲಿ ಪೆನ್ಸಿಲಿನ ಗುರುತು ಹಾಕಿ: ಒಂದೇ ಸಲಕ್ಕೆ ಬಂದದ್ದಕ್ಕೆ ಒಂದು ಗೆರೆ, ತಪ್ಪಿದ್ದಕ್ಕೆ ಎರಡು, ಪ್ರಶ್ನೆಯೇ ಅರ್ಥವಾಗದ್ದಕ್ಕೆ ಮೂರು. ಎರಡನೇ ಸುತ್ತಿನಲ್ಲಿ ಎರಡು ಮೂರು ಗೆರೆಯವನ್ನಷ್ಟೇ ಮಾಡಿ. ಗುರುತಿಲ್ಲದವರು ರಿವಿಷನ್‌ನಲ್ಲಿ ಬರುವ ಲೆಕ್ಕಗಳನ್ನೇ ಮತ್ತೆ ಮತ್ತೆ ಮಾಡಿ ಸಮಾಧಾನ ಪಡುತ್ತಾರೆ.

ಕನ್ನಡ ಮಾಧ್ಯಮದ ಬಗ್ಗೆ ನೀವು ಅಳುಕಿನಿಂದ ಬರೆದಿದ್ದೀರಿ, ಅಳುಕಬೇಕಾಗಿಲ್ಲ. ಪರೀಕ್ಷೆ ಬರೆಯಲು ಇರುವುದು ಇಂಗ್ಲಿಷ್ ಅಥವಾ ಹಿಂದಿ ಮಾತ್ರ ಅನ್ನುವುದು ನಿಜ. ಆದರೆ ಲಾ ಪೇಪರಿಗೆ ಬೇಕಾದದ್ದು ಅಲಂಕಾರದ ಇಂಗ್ಲಿಷ್ ಅಲ್ಲ, ಕಾಯ್ದೆಯ ಮೂವತ್ತು ನಲವತ್ತು ಪದಗಳು. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಪದ, ಬಲಕ್ಕೆ ಕನ್ನಡದಲ್ಲಿ ಅರ್ಥ ಬರೆಯಿರಿ. 'ಸಬ್ಜೆಕ್ಟ್ ಟು' ಅಂದರೆ ಆ ಇನ್ನೊಂದು ಕಲಮಿನ ಮಾತೇ ಮೇಲು. 'ನಾಟ್‌ವಿತ್‌ಸ್ಟ್ಯಾಂಡಿಂಗ್' ಅಂದರೆ ಬೇರೆ ಏನೇ ಹೇಳಿರಲಿ, ಈ ಕಲಮಿನ ಮಾತೇ ಮೇಲು. 'ಡೀಮ್ಡ್' ಅಂದರೆ ನಿಜದಲ್ಲಿ ಹಾಗಲ್ಲದಿದ್ದರೂ ಕಾನೂನು ಹಾಗೆಂದು ಎಣಿಸುತ್ತದೆ. ಉತ್ತರ ಬರೆಯುವಾಗ ಮೂರು ಚಿಕ್ಕ ಪ್ಯಾರಾ: ಕಾನೂನು ಏನು ಹೇಳುತ್ತದೆ, ಪ್ರಶ್ನೆಯಲ್ಲಿ ನಡೆದದ್ದೇನು, ಆದ್ದರಿಂದ ಏನು. ಕಂಪನಿಯ ಮೊದಲ ಹಣಕಾಸು ವರ್ಷ 2025ರ ಮಾರ್ಚ್ 31ಕ್ಕೆ ಮುಗಿದಿದೆ, ಮೊದಲ ಎಜಿಎಂ (ವಾರ್ಷಿಕ ಸಾಮಾನ್ಯ ಸಭೆ) 2026ರ ಜನವರಿ 10ಕ್ಕೆ ಕರೆದಿದ್ದಾರೆ, ಸರಿಯೇ ಅಂತ ಕೇಳಿದರು ಅನ್ನಿ. ಕಂಪನಿ ಕಾಯ್ದೆಯ ಸೆಕ್ಷನ್ 96ರ ಪ್ರಕಾರ ಮೊದಲ ಎಜಿಎಂ ಆ ವರ್ಷ ಮುಗಿದ 9 ತಿಂಗಳೊಳಗೆ, ಅಂದರೆ 2025ರ ಡಿಸೆಂಬರ್ 31ರೊಳಗೆ. ಹತ್ತು ದಿನ ತಡ, ಸರಿಯಲ್ಲ. 'ಸರಿಯಲ್ಲ' ಅಂತ ಮೊದಲ ಸಾಲಿನಲ್ಲೇ ಬರೆದು ನಿಂತುಬಿಟ್ಟರೆ ಕಾನೂನು ಬರೆದದ್ದಕ್ಕೆ ಸಿಗಬೇಕಾದ ಅಂಕ ಹೋಗುತ್ತದೆ. ಸೆಕ್ಷನ್ ಸಂಖ್ಯೆ ನೆನಪಿಲ್ಲದಿದ್ದರೆ ಊಹಿಸಿ ಬರೆಯಬೇಡಿ, ಕಾಯ್ದೆಯ ಹೆಸರು ಹೇಳಿ ವಿಷಯ ಬರೆಯಿರಿ.

ಎರಡೂ ಗ್ರೂಪ್ ಒಟ್ಟಿಗೇ ಬರೆಯಬೇಕೇ ಅನ್ನುವುದನ್ನು ಈಗಲೇ ತೀರ್ಮಾನಿಸಬೇಡಿ. ಪ್ರತಿ ಪೇಪರಿನಲ್ಲಿ 40, ಗ್ರೂಪಿನಲ್ಲಿ ಒಟ್ಟು 50% ಬೇಕು. 45, 48, 52 ಬಂದರೆ ಮೂರರಲ್ಲೂ 40 ದಾಟಿದ್ದೀರಿ, ಒಟ್ಟು 145, ಗ್ರೂಪ್ ಹೋಯಿತು. ಎರಡೂ ಗ್ರೂಪ್ ಒಟ್ಟಿಗೆ ಬರೆದಾಗ 600ಕ್ಕೆ 300 ಬಂದು, ಯಾವುದರಲ್ಲೂ 40ಕ್ಕಿಂತ ಕಡಿಮೆ ಇಲ್ಲದಿದ್ದರೆ ಒಂದು ಗ್ರೂಪಿನ ಹೆಚ್ಚುವರಿ ಅಂಕ ಇನ್ನೊಂದರ ಕೊರತೆ ತುಂಬುತ್ತದೆ, ಅದು ಲಾಭ. ಫಾರ್ಮ್ ತುಂಬುವ ದಿನಕ್ಕೆ ಅಕೌಂಟಿಂಗ್, ಕಾಸ್ಟಿಂಗ್, ಟ್ಯಾಕ್ಸ್ ಮೂರರ ಮೊದಲ ಸುತ್ತು ಮುಗಿದಿದ್ದರೆ ಎರಡೂ ಬರೆಯಿರಿ. ಮುಗಿದಿಲ್ಲದಿದ್ದರೆ ಒಂದೇ ಸಾಕು, ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ ಇದೆ.

ಮಾಕ್ ಟೆಸ್ಟನ್ನು ಮನೆಯಲ್ಲಿ ಟೀ ಕುಡಿಯುತ್ತಾ ಬರೆಯಬೇಡಿ. ಇನ್‌ಸ್ಟಿಟ್ಯೂಟಿನ ಬೆಂಗಳೂರು ಶಾಖೆ ವಸಂತನಗರದಲ್ಲಿದೆ, ಅಲ್ಲಿ ಕೂತು ಬರೆಯುವ ವ್ಯವಸ್ಥೆ ಯಾವಾಗ ಇದೆ ಅಂತ ವಿಚಾರಿಸಿ. ಮಧ್ಯಾಹ್ನ 2ರಿಂದ 5, ಅದೇ ಹೊತ್ತಿಗೆ ಬರೆಯಿರಿ, ಊಟವಾದ ಮೇಲೆ ಮಂಪರು ಹತ್ತುವ ಹೊತ್ತು ಅದು. 180 ನಿಮಿಷಕ್ಕೆ 100 ಅಂಕ, ಅಂಕಕ್ಕೆ 1.8 ನಿಮಿಷ. 14 ಅಂಕದ ಪ್ರಶ್ನೆಗೆ 25 ನಿಮಿಷ ದಾಟಿತೆಂದರೆ ಟ್ಯಾಲಿ ಆಗದಿದ್ದರೂ ಎರಡು ಪುಟ ಖಾಲಿ ಬಿಟ್ಟು ಮುಂದಿನದಕ್ಕೆ ಹೋಗಿ. ಎಂಸಿಕ್ಯುಗೆ (ಸರಿಯುತ್ತರ ಆರಿಸುವ ಪ್ರಶ್ನೆಗಳಿಗೆ) 30 ಅಂಕವಿದೆ, ಇಂಟರ್‌ನಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಕ್ಯಾಲ್ಕುಲೇಟರ್ 12 ಅಂಕಿಯ ಸಾದಾ ಬ್ಯಾಟರಿಯದ್ದು ಈಗಲೇ ಕೊಂಡು ಅದರಲ್ಲೇ ಎಲ್ಲ ಲೆಕ್ಕ ಮಾಡಿ. ಮೊಬೈಲಿನಲ್ಲಿ ಅಭ್ಯಾಸವಾದ ಬೆರಳಿಗೆ ಎಂ ಪ್ಲಸ್, ಎಂಆರ್‌ಸಿ ಅನ್ನುವ ಮೆಮೊರಿ ಕೀಲಿ ಸಿಗುವುದಿಲ್ಲ, ಎಫ್‌ಎಂನಲ್ಲಿ ಪ್ರೆಸೆಂಟ್ ವ್ಯಾಲ್ಯೂ ತೆಗೆಯುವಾಗ ಆ ಕೀಲಿಗಳೇ ಸಮಯ ಉಳಿಸುತ್ತವೆ.

ನೀವು ನೋಡಿರುವ ಎರಡು ಬ್ಯಾಚುಗಳ ಗಂಟೆ ಮತ್ತು ನೋಡಬಹುದಾದ ಸಲದ ಷರತ್ತು ಇಲ್ಲಿ ಹಾಕಿ, ಸೆಪ್ಟೆಂಬರ್‌ಗೆ ಹೊಂದುತ್ತದೋ ಇಲ್ಲವೋ ಲೆಕ್ಕ ಮಾಡಿ ಹೇಳುತ್ತೇನೆ.